ಒಂಟೆಗೆ ದಾರಿ ಕೇಳಿದ ಡಾಕ್ಟ್ರಮ್ಮ

ಡಾಕ್ಟ್ರಮ್ಮನ ಎರಡು ಕೈಗಳ ಬಣ್ಣ ಬೇರೆ ಬೇರೆ. ಎಡಗೈ ಬೆಳ್ಳಗಿತ್ತು. ಬಲಗೈ ಬೆರಳಿನ ತುದಿಯಿಂದ ಭುಜದವರೆಗೆ ಬಿಸಿಲಿಗೆ ಕಂದಿ ಹಂಚಿನ ಬಣ್ಣಕ್ಕೆ ತಿರುಗಿತ್ತು. ಅವರು ದನದ ಡಾಕ್ಟರು. ಯಾವ ಹೊತ್ತಿಗೆ ಯಾವ ಎಮ್ಮೆಯ ಹೊಟ್ಟೆಯೊಳಗೆ ಕೈ ಹಾಕಬೇಕಾಗುತ್ತದೋ ಎಂದು ಚೂಡಿದಾರದ ಬಲತೋಳನ್ನು ಬೆಳಿಗ್ಗೆಯೇ ಭುಜದ ತನಕ ಸುತ್ತಿ ಪಿನ್ನು ಹಾಕಿಬಿಡುತ್ತಿದ್ದರು. ಎಡತೋಳು ಮಾತ್ರ ಮಣಿಕಟ್ಟಿನ ತನಕ ಇಳಿದಿರುತ್ತಿತ್ತು. ಶಿರಸಿಯಲ್ಲಿ ಒಂದು ಮದುವೆಗೆ ಹಾಗೆಯೇ ಹೋಗಿದ್ದರಂತೆ. "ಇದೆಂತ ಡಾಕ್ಟ್ರಮ್ಮಾ, ಹೊಸ ಫ್ಯಾಶನ್ನಾ?" ಎಂದು ಹೆಂಗಸರು ಕೇಳಿದರೆ, "ಹೌದು, ಒಳಗೆ ಕರು ಅಡ್ಡ ಸಿಕ್ಕಿದ್ರೆ ಈ ಫ್ಯಾಶನ್ನೇ ಬೇಕು" ಎಂದು ಹೇಳಿ ಊಟಕ್ಕೆ ಕೂತರಂತೆ.

ನಾನು ಯಲ್ಲಾಪುರದ ದನದ ಆಸ್ಪತ್ರೆಯಲ್ಲಿ ಅವರ ಕೈಕೆಳಗೆ ಇದ್ದವನು. ದನ ಹಿಡಿಯುವುದು, ಬಿಸಿನೀರು ಕಾಯಿಸುವುದು, ಬಾಟಲಿ ತೊಳೆಯುವುದು ನನ್ನ ಕೆಲಸ. ಅದಕ್ಕೂ ಮೊದಲು ಅಂಕೋಲಾ ಹುಬ್ಬಳ್ಳಿ ರಸ್ತೆಯಲ್ಲಿ ಲಾರಿಯ ಕ್ಲೀನರ್ ಆಗಿದ್ದೆ. ಶಾಲೆ ಐದನೆಯ ಇಯತ್ತೆಗೇ ಬಿಟ್ಟುಹೋಗಿತ್ತು. ಮೀಸೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ಮೇಲೆ ನನ್ನನ್ನು ಎಸ್ಸೆಸ್ಸೆಲ್ಸಿಗೆ ಕಟ್ಟಿಸಿದವರು ಡಾಕ್ಟ್ರಮ್ಮ. ಒಳ್ಳೆ ಮಾತಿನಿಂದ ಕಟ್ಟಿಸಿದ್ದಲ್ಲ. "ಬಾಟಲಿ ಮೇಲಿನ ಹೆಸರು ಓದೂದಕ್ಕೆ ಬರೂದಿಲ್ಲ, ಬಣ್ಣ ನೋಡಿ ಔಷಧ ಕೊಡ್ತೀಯಲ್ಲ, ನಿನ್ನ ಅಂದಾಜಿನ ಮೇಲೆ ಎಮ್ಮೆ ಬದುಕಬೇಕಾ ಮಾರಾಯ?" ಎಂದು ಜನರ ಎದುರೇ ಕೇಳಿದರು. ಅವತ್ತು ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲೇ ಪುಸ್ತಕ ಹಿಡಿದೆ. ಇವತ್ತು ಈ ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಇಷ್ಟನ್ನು ಬರೆಯುತ್ತಿರುವುದು ಆ ಸಿಟ್ಟಿನ ಫಲವೇ.

ಅವರದು ಒಂದು ಕ್ರಮ. ಜನರ ಹತ್ತಿರ ಬೈಯುತ್ತಿದ್ದರು, ಪ್ರಾಣಿಗಳ ಹತ್ತಿರ ಪಾಠ ಮಾಡುತ್ತಿದ್ದರು. ಹಸುವಿನ ಕೆಚ್ಚಲಿಗೆ ಮುಲಾಮು ಹಚ್ಚುತ್ತ, ಅದರ ಜಾತಿ ಯಾವುದು, ಅದರ ಅಜ್ಜಿ ಯಾವ ಸೀಮೆಯಿಂದ ಬಂದಳು, ಯಾರು ತಂದರು ಎಂದು ಹಸುವಿಗೇ ವಿವರಿಸುತ್ತಿದ್ದರು. ಯಜಮಾನ ಪಕ್ಕದಲ್ಲಿ ಕಿವಿ ನಿಮಿರಿಸಿ ನಿಂತರೆ ಅವನ ಕಡೆ ತಿರುಗಿ, "ನಿಮ್ಗಲ್ಲ, ಅದಕ್ಕೆ ಹೇಳ್ತಿದೇನೆ. ನೀವು ಹೇಗಿದ್ರೂ ಕೇಳೂದಿಲ್ಲ" ಎನ್ನುತ್ತಿದ್ದರು.

ಒಂಟೆಗೂ ಹಾಗೆಯೇ ಪಾಠವಾಯಿತು. ಆ ಒಂಟೆಯ ವಿಷಯ ಹೇಳದೆ ಡಾಕ್ಟ್ರಮ್ಮನ ವಿಷಯ ಹೇಳುವುದಕ್ಕೆ ನನಗೆ ಬರುವುದಿಲ್ಲ.

ಬೇಸಿಗೆಯಲ್ಲಿ ಸಮುದ್ರದ ದಂಡೆಗೆ ಒಂಟೆಗಳು ಬರುತ್ತವೆ. ಮಕ್ಕಳನ್ನು ಕೂರಿಸಿ ಮರಳಿನ ಮೇಲೆ ಒಂದು ಸುತ್ತು ಹೊಡೆಸುತ್ತಾರೆ. ಉತ್ತರದ ಕಡೆಯ ಒಬ್ಬ ಒಂಟೆಯವನು ಆ ಸಲ ಸೀಸನ್ನು ಮುಗಿಸಿ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ ಕಡೆ ನಡೆದು ಹೊರಟಿದ್ದ. ಘಟ್ಟದಲ್ಲಿ ಒಂಟೆಯ ಮುಂಗಾಲಿಗೆ ಕಬ್ಬಿಣದ ಚೂರು ಹೊಕ್ಕಿತು. ಕುಂಟುತ್ತ ಕುಂಟುತ್ತ ಇಡಗುಂದಿಯ ತನಕ ಬಂದು ರಸ್ತೆಯ ಬದಿಗೆ ಕೂತುಬಿಟ್ಟಿತು. ಪಕ್ಕದ ಮನೆಯ ಅಜ್ಜಿ ನೋಡಿ, "ಪಾಪ, ಬಿಸಿಲಲ್ಲಿ ಯಂತಕ್ಕೆ" ಎಂದು ತಮ್ಮ ಕೊಟ್ಟಿಗೆಗೆ ಕರೆಸಿಕೊಂಡರು. ಒಂಟೆಯವನು ಎರಡು ದಿನ ಇದ್ದ. ಲಾರಿ ತರುತ್ತೇನೆ ಎಂದು ಹೋದ. ಅವನ ಫೋನು ಮೊದಮೊದಲು ರಿಂಗಾಗುತ್ತಿತ್ತು. ಆಮೇಲೆ ಅದೂ ನಿಂತಿತು. ಅವನಿಗೆ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಡಾಕ್ಟ್ರಮ್ಮ ಕಾಲು ನೋಡಿದರು. ಕಬ್ಬಿಣ ತೆಗೆದರು. ಕೊಟ್ಟಿಗೆಯಿಂದ ಹೊರಗೆ ಬಂದು ಪಡುವಣ ದಿಕ್ಕಿನ ಆಕಾಶ ನೋಡಿದರು. ಇನ್ನೂ ಮೋಡದ ಸುಳಿವಿರಲಿಲ್ಲ.

"ಮಳೆಗಾಲ ಹಿಡಿಯೂದ್ರ ಒಳಗೆ ಇದನ್ನ ಬಯಲುಸೀಮೆಗೆ ದಾಟಿಸ್ಬೇಕು" ಎಂದರು. "ಇಲ್ಲಿಯ ಮಳೆ ಇದಕ್ಕೆ ತಡಿಯೂದಿಲ್ಲ. ಮೈಗೆ ಕಜ್ಜಿ ಬೀಳ್ತದೆ. ಪಾದ ಕೊಳೀತದೆ. ಕೆಸರಲ್ಲಿ ಕಾಲು ಜಾರಿ ಎರಡು ಕಡೆ ಹರಡ್ತು ಅಂದ್ರೆ ಮತ್ತೆ ಏಳೂದಿಲ್ಲ. ಎಬ್ಸೂದಕ್ಕೆ ನನ್ನ ಕೈಲೂ ಆಗೂದಿಲ್ಲ."

ಅಷ್ಟೇ ವಿಷಯ. ಒಂದು ಒಂಟೆ, ಒಂದು ಮಳೆಗಾಲ. ಯಲ್ಲಾಪುರ ದಾಟಿ, ಕಿರವತ್ತಿ ದಾಟಿ, ಕಲಘಟಗಿಯ ಆಚೆ ಹೋದರೆ ಒಣ ಹೊಲ ಸಿಗುತ್ತದೆ. ಲಾರಿಯಲ್ಲಿ ಹೋದರೆ ಮಧ್ಯಾಹ್ನದ ಊಟಕ್ಕೆ ವಾಪಸು ಬರುವಷ್ಟು ದೂರ. ಅಷ್ಟು ದೂರಕ್ಕೆ ಒಂದು ಒಂಟೆಯನ್ನು ಕಳಿಸುವುದು ಇಷ್ಟು ಕಷ್ಟ ಎಂದು ಯಾರಿಗೆ ಗೊತ್ತಿತ್ತು?

ನಾನು ಮೊದಲು ನನ್ನ ಹಳೆಯ ಲಾರಿ ದೋಸ್ತಿಗಳನ್ನು ಕೇಳಿದೆ. "ಕಲ್ಲು ಹೇರ್ತೆ, ಕಟ್ಟಿಗೆ ಹೇರ್ತೆ, ಒಂಟೆ ಬ್ಯಾಡ ಮಾರಾಯ" ಎಂದ ಒಬ್ಬ. "ದಾರಿ ಮೇಲೆ ಹತ್ತು ಜನ ಅಡ್ಡ ನಿಂತು ಎಲ್ಲಿಗೆ, ಯಂತಕ್ಕೆ ಅಂತ ಕೇಳಿದ್ರೆ ಎಂತ ತೋರಿಸ್ಲಿ? ಒಂದು ಕಾಗದ ಇರ್ಬೇಕಲ್ಲ." ಅವನು ಹೇಳಿದ್ದು ಸರಿಯೇ. ಕಾಗದ ಬೇಕು. ಕಾಗದಕ್ಕೆ ಮೇಲಿನವರ ಸಹಿ ಬೇಕು.

ಡಾಕ್ಟ್ರಮ್ಮ ಮೇಲಿನ ಆಫೀಸಿಗೆ ಫೋನು ಹಚ್ಚಿದರು. ಅಲ್ಲಿಯ ಸಾಹೇಬರು ಒಳ್ಳೆಯವರೇ, ಕೂಗಾಡುವವರಲ್ಲ. "ಮೇಡಂ, ನಮ್ಮ ಜಾನುವಾರು ಪಟ್ಟಿಯಲ್ಲಿ ನಿಮ್ಮ ತಾಲ್ಲೂಕಿಗೆ ಒಂಟೆ ಇಲ್ಲ" ಎಂದರು.

"ಇದೆ ಸಾರ್. ಈಗ ಅದರ ಪಕ್ಕದಲ್ಲೇ ನಿಂತಿದೇನೆ."

"ನಿಂತಿರಬಹುದು. ಪಟ್ಟಿಯಲ್ಲಿ ಇಲ್ಲವಲ್ಲ. ಇಲ್ಲದ ಪ್ರಾಣಿಗೆ ಸಾಗಾಟದ ಪರವಾನಗಿ ಹೇಗೆ ಕೊಡೋದು? ಅದರ ಮಾಲೀಕರ ಅರ್ಜಿ ಇದೆಯಾ?"

ಮಾಲೀಕನಿಲ್ಲ ಎಂದಮೇಲೆ ಪೊಲೀಸರು. ಅಲ್ಲಿಯ ಜಮಾದಾರರು ಬಹಳ ಯೋಚನೆ ಮಾಡಿ, "ಯಾರಾದ್ರೂ ಒಂಟೆ ಕಳದದೆ ಅಂತ ದೂರು ಕೊಟ್ರೆ, ಸಿಕ್ಕದೆ ಅಂತ ಬರ್ಕೊಳ್ಬಹುದು. ಕಳದೇ ಇಲ್ಲ ಅಂದ್ಮೇಲೆ ಸಿಕ್ಕಿದ್ದು ಹ್ಯಾಂಗೆ ಮೇಡಂ?" ಎಂದರು. ಅರಣ್ಯದವರು ಬಂದು ಸುತ್ತು ಹಾಕಿ ನೋಡಿ, ಇದು ಕಾಡುಪ್ರಾಣಿ ಅಲ್ಲ ಎಂದು ತೀರ್ಮಾನ ಕೊಟ್ಟು, ಒಂದು ಫೋಟೋ ತೆಗೆಸಿಕೊಂಡು ಹೋದರು. ಸಿದ್ದಾಪುರದ ಕಡೆ ದನಗಳನ್ನು ಸಾಕುವ ಒಬ್ಬರಿಗೆ ಇದನ್ನು ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರೆ, "ಕೆಚ್ಚಲು ಇದ್ರೂ ಹಾಲಿಗೆ ನಮ್ಮಲ್ಲಿ ಗಿರಾಕಿ ಇಲ್ಲ" ಎಂದರು. ಅದು ಗಂಡೊಂಟೆ ಎಂದು ಹೇಳುವ ವ್ಯವಧಾನವೂ ಡಾಕ್ಟ್ರಮ್ಮನಿಗೆ ಉಳಿದಿರಲಿಲ್ಲ. ಫೋನು ಇಟ್ಟು ಸ್ಕೂಟರಿನ ಟೈರಿಗೆ ಒಂದು ಒದ್ದರು. ಟೈರಿಗೆ ಏನೂ ಆಗಲಿಲ್ಲ. ಅವರ ಚಪ್ಪಲಿ ಕಿತ್ತುಹೋಯಿತು.

ಪ್ರತಿದಿನ ಸಂಜೆ ಆಸ್ಪತ್ರೆ ಮುಗಿಸಿ ನಾವಿಬ್ಬರೂ ಇಡಗುಂದಿಗೆ ಹೋಗುತ್ತಿದ್ದೆವು. ನಾನು ಮೂಗುದಾರ ಹಿಡಿಯುವುದು, ಅವರು ಕಾಲು ತೊಳೆದು ಪಟ್ಟಿ ಕಟ್ಟುವುದು. ಆಗ ಪಾಠ.

"ನಿನ್ನ ಮುತ್ತಜ್ಜಿ ಎಲ್ಲಿಯವಳು ಗೊತ್ತಾ?" ಎಂದು ಒಂಟೆಯನ್ನು ಕೇಳಿದರು ಒಂದು ದಿನ. "ಅಮೆರಿಕದವಳು."

ನಾನು ಆಗಷ್ಟೇ ಸಮಾಜ ವಿಜ್ಞಾನ ಓದುತ್ತಿದ್ದವನು. ತಡೆಯಲಾಗಲಿಲ್ಲ. "ಇಲ್ಲ ಡಾಕ್ಟ್ರಮ್ಮಾ, ಅರಬಸ್ತಾನದ್ದು. ಮರುಭೂಮಿಯ ಹಡಗು ಅಂತ ಪುಸ್ತಕದಲ್ಲಿದೆ."

"ನೋಡು, ನಿನ್ನ ಬಗ್ಗೆ ಇವನಿಗೇ ಹೆಚ್ಚು ಗೊತ್ತಂತೆ" ಎಂದರು ಒಂಟೆಗೆ. ಆಮೇಲೆ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳುತ್ತಾ ಹೋದರು. ಕೋಟಿಗಟ್ಟಲೆ ವರ್ಷಗಳ ಹಿಂದೆ ಒಂಟೆಗಳ ಕುಲ ಹುಟ್ಟಿದ್ದು ಉತ್ತರ ಅಮೆರಿಕದಲ್ಲಿ. ಮೊದಲು ಮೊಲದಷ್ಟೇ ಇದ್ದವಂತೆ. ಬರಬರುತ್ತ ದೊಡ್ಡದಾದವು. ಕೆಲವು ತೆಂಕಣಕ್ಕೆ ಇಳಿದು ಅಲ್ಲಿಯ ಗುಡ್ಡಗಳಲ್ಲಿ ಡುಬ್ಬವಿಲ್ಲದ ಲಾಮಾಗಳಾದವು. ಕೆಲವು ಬಡಗಣಕ್ಕೆ ಹೋದವು. ಅಲ್ಲಿ ಹಿಮ, ಆರಾರು ತಿಂಗಳು ಕತ್ತಲೆ. ಡುಬ್ಬದಲ್ಲಿ ಕೊಬ್ಬು ಇಟ್ಟುಕೊಳ್ಳುವುದನ್ನೂ ಈ ಅಗಲ ಪಾದವನ್ನೂ ಅವು ಕಲಿತದ್ದು ಮರಳಿನಲ್ಲಲ್ಲ, ಆ ಹಿಮದಲ್ಲಿ ಇರಬೇಕು ಎಂದು ಈಗಿನವರು ಹೇಳುತ್ತಾರಂತೆ. ಆಗ ಅಮೆರಿಕಕ್ಕೂ ಏಷ್ಯಾಕ್ಕೂ ನಡುವೆ ಸಮುದ್ರ ಇಳಿದು ನೆಲ ಕಾಣುತ್ತಿತ್ತು. ಮೇಯುತ್ತ ಮೇಯುತ್ತ ಈಚೆ ದಾಟಿದವು. ಆಮೇಲೆ ಅಮೆರಿಕದಲ್ಲಿ ಉಳಿದವು ಪೂರ್ತಿ ಅಳಿದುಹೋದವು.

"ಹುಟ್ಟಿದ ಊರಲ್ಲೇ ಒಂದೂ ಉಳೀಲಿಲ್ಲ ನೋಡು" ಎಂದರು ಅದರ ಕಾಲಿಗೆ. "ದಾಟಿ ಬಂದವೇ ಬದುಕಿದ್ದು."

ಕೊಟ್ಟಿಗೆಯ ಬಾಗಿಲಲ್ಲಿ ಕೂತ ಅಜ್ಜಿ ಎಲ್ಲ ಕೇಳುತ್ತಿದ್ದರು. "ಅಮೆರಿಕಾದ್ದಾ ತಂಗಿ ಇದು? ಹಂಗಾದ್ರೆ ಇದ್ರ ಹತ್ರ ಇಂಗ್ಲಿಷಲ್ಲೇ ಮಾತಾಡವು ಹೇಳಾತು" ಎಂದರು. ಡಾಕ್ಟ್ರಮ್ಮ ನಗಲಿಲ್ಲ. ನಾನೇ ನಕ್ಕೆ.

ಇನ್ನೊಂದು ಸಂಜೆ ಏಷ್ಯಾದ ಪಾಠ. ಚಳಿಯ ಸೀಮೆಗಳಲ್ಲಿ, ಮಂಗೋಲಿಯಾ, ಚೀನಾ, ನಮ್ಮ ಲಡಾಖದಲ್ಲಿ ಎರಡು ಡುಬ್ಬದವು. ಅರಬಸ್ತಾನದ ಕಡೆ ಒಂದು ಡುಬ್ಬದವು. ಒಂದು ಡುಬ್ಬದವನ್ನು ಜನ ಪಳಗಿಸಿದರು, ಆಫ್ರಿಕಾಕ್ಕೆ ಕೊಂಡೊಯ್ದರು, ರಾಜಸ್ಥಾನಕ್ಕೆ ತಂದರು. ಕಚ್ಛದಲ್ಲಿ ಒಂದು ಜಾತಿ ಇದೆಯಂತೆ, ಸಮುದ್ರದಲ್ಲಿ ಈಜಿಕೊಂಡು ಹೋಗಿ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ ತಿಂದು ಬರುತ್ತದೆ. ಇದು ಕೇಳಿ ನನಗೆ ಸಂತೋಷವಾಯಿತು. ಹಾಗಾದರೆ ನೀರು ಇದಕ್ಕೆ ಏನೂ ಮಾಡುವುದಿಲ್ಲವಲ್ಲ ಎಂದೆ.

"ಉಪ್ಪುನೀರು ಬೇರೆ, ಇಲ್ಲಿಯ ಕೊಳೆ ಬೇರೆ" ಎಂದು ನನ್ನ ಬಾಯಿ ಮುಚ್ಚಿಸಿದರು.

ಆಸ್ಟ್ರೇಲಿಯಾದ ಪಾಠ ಮಾಡಿದ ದಿನ ಅವರ ದನಿ ಬೇರೆ ಇತ್ತು. ಅಂದು ಮಧ್ಯಾಹ್ನ ಮೇಲಿನ ಆಫೀಸಿನಿಂದ ಮತ್ತೊಮ್ಮೆ ಇಲ್ಲ ಎಂದು ಉತ್ತರ ಬಂದಿತ್ತು. ಬ್ರಿಟಿಷರು ಆ ದೊಡ್ಡ ಒಣ ದೇಶದ ಒಳನಾಡಿಗೆ ಹೋಗಲು ದಾರಿ ಇಲ್ಲದೆ, ನಮ್ಮ ಕಡೆಯ ಒಂಟೆಗಳನ್ನು, ಒಂಟೆ ನಡೆಸುವವರ ಸಮೇತ, ಹಡಗಿಗೆ ಹೇರಿಕೊಂಡು ಹೋದರಂತೆ. ತಂತಿಕಂಬ, ರೈಲುಹಳಿಯ ಸಾಮಾನು, ನೀರು, ಉಣ್ಣೆ, ಎಲ್ಲವನ್ನೂ ಅವುಗಳ ಬೆನ್ನ ಮೇಲೆ ಹೊರಿಸಿದರಂತೆ. ಆಮೇಲೆ ಲಾರಿ ಬಂತು. ಒಂಟೆ ಬೇಡವಾಯಿತು. ಕೊಂದುಹಾಕಿ ಎಂದು ಹೇಳಿದ್ದಕ್ಕೆ, ಸಾಕಿದವರಿಗೆ ಮನಸ್ಸು ಬಾರದೆ ಕಾಡಿಗೆ ಬಿಟ್ಟರಂತೆ. ಈಗ ಅಲ್ಲಿ ಕಾಡೊಂಟೆಗಳ ದೊಡ್ಡ ದೊಡ್ಡ ಹಿಂಡುಗಳೇ ಇವೆ. ಅವು ಜಾಸ್ತಿಯಾದವು ಎಂದು ಮತ್ತೆ ತಲೆಬಿಸಿಯಂತೆ.

"ಹಡಗಲ್ಲ ಮಾರಾಯ, ಹಡಗಲ್ಲಿ ಹೋದ ಸಾಮಾನು" ಎಂದರು ನನ್ನ ಕಡೆ ತಿರುಗಿ. "ಮೊದಲು ತಾವಾಗೇ ನಡದ್ವು. ಆಮೇಲೆ ಎಲ್ಲಿ ಹೋದ್ರೂ ಯಾರೋ ಕರ್ಕೊಂಡು ಹೋಗಿದ್ದು. ಕರ್ಕೊಂಡು ಹೋದವ್ರು ಇದು ಎಂತ ತಿಂತದೆ, ಎಲ್ಲಿ ಮಲಗ್ತದೆ ಅಂತ ಒಂದು ದಿನ ಕೇಳಿದಾರಾ?"

ಅದು ಎಲ್ಲಿ ಮಲಗುತ್ತದೆ ಎನ್ನುವುದೇ ನಮ್ಮ ದೊಡ್ಡ ಕಷ್ಟವಾಗಿತ್ತು.

ನಮ್ಮ ಸೀಮೆಯಲ್ಲಿ ಕೊಟ್ಟಿಗೆಗೆ ಸೊಪ್ಪು ಹಾಸುತ್ತಾರೆ. ಬೆಟ್ಟದಿಂದ ಹಸಿ ಸೊಪ್ಪು ಕಡಿದು ತಂದು ದನಗಳ ಕಾಲಡಿಗೆ ಹರಡುತ್ತಾರೆ. ಸಗಣಿ, ಗಂಜಳ ಸೇರಿ ಅದು ಗೊಬ್ಬರವಾಗುತ್ತದೆ. ಮಾರನೆಯ ದಿನ ಅದರ ಮೇಲೇ ಹೊಸ ಸೊಪ್ಪು. ದನವನ್ನು ಬರಿ ನೆಲದ ಮೇಲೆ ಮಲಗಿಸುವುದು ಎಂದರೆ ಮನೆಗೆ ಬಂದವರನ್ನು ಚಾಪೆಯಿಲ್ಲದೆ ಮಲಗಿಸಿದ ಹಾಗೆ. ಹಸುವಿನ ಗೊರಸಿಗೆ ಅದು ಸರಿ. ಒಂಟೆಗೆ ಗೊರಸಿಲ್ಲ, ಅಡಿಯೆಲ್ಲ ಮೆತ್ತನೆಯ ಚರ್ಮ. ಅದಕ್ಕೆ ಒಣಗಿದ ನೆಲವೇ ಬೇಕು.

ಡಾಕ್ಟ್ರಮ್ಮ ಮೊದಲ ದಿನವೇ ಹೇಳಿದ್ದರು. ಮರಳು ತರಿಸೋಣವೆಂದರೆ ಒಂದು ಟ್ರ್ಯಾಕ್ಟರ್ ಮರಳಿಗೂ ಪರ್ಮಿಟ್ಟು ಬೇಕು. ಕೊನೆಗೆ ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟಿನ ಚೀಲಗಳನ್ನು ಸ್ಕೂಟರಿನ ಮೇಲೆ ತಾವೇ ಹೇರಿಕೊಂಡು ಬಂದು ಒಂದು ಮೂಲೆಯಲ್ಲಿ ದಪ್ಪಗೆ ಹರಡಿದರು. "ಅಜ್ಜೀ, ಇದರ ಮೇಲೆ ಸೊಪ್ಪು ಹಾಕ್ಬೇಡಿ. ಅಕ್ಕಿ ತೊಳೆದ ಅಕ್ಕಚ್ಚು ಕುಡಿಸ್ಬೇಡಿ. ಬೆಲ್ಲ ಬೇಡ. ಬೇಕಾದ್ರೆ ಉಪ್ಪು ಕೊಡಿ, ಇದಕ್ಕೆ ಉಪ್ಪು ಜಾಸ್ತಿ ಬೇಕು" ಎಂದು ಬಿಡಿಸಿ ಹೇಳಿದರು. ಅಜ್ಜಿ ತಲೆ ಆಡಿಸಿದರು.

ಗಾಯ ಒಣಗುತ್ತಲೂ ಬಂತು. ಆಮೇಲೆ ಯಾಕೋ ಮತ್ತೆ ಹಸಿಯಾಯಿತು. ಔಷಧ ಬದಲಿಸಿದರು. ಮತ್ತೆ ಒಣಗಿದಂತೆ ಕಂಡು ಮತ್ತೆ ಕೀವಾಯಿತು. ಡಾಕ್ಟ್ರಮ್ಮ ತಮ್ಮ ಪುಸ್ತಕಗಳನ್ನೆಲ್ಲ ತಿರುವಿದರು. ದೂರದಲ್ಲಿ ಒಂಟೆಗಳಿಗೆ ಮದ್ದು ಮಾಡುವ ಡಾಕ್ಟರೊಬ್ಬರಿಗೆ ಫೋನಿನಲ್ಲಿ ಫೋಟೋ ಕಳಿಸಿ ಕೇಳಿದರು. ಅವರು ಒಂದೇ ಮಾತು ಹೇಳಿದರಂತೆ, ಒಣಗಿಸಿ ಇಡಿ. "ಒಣಗಿಸೇ ಇಟ್ಟಿದೇನಲ್ಲ!" ಎಂದು ಇವರು ತಲೆ ಚಚ್ಚಿಕೊಂಡರು.

ಒಂದು ದಿನ ಸಂಜೆ ಹೋಗುವವರು ಬೆಳಿಗ್ಗೆಯೇ ಹೋದೆವು. ನೋಡಿದರೆ ಹೊಟ್ಟಿನ ಮೇಲೆ ಒಂದು ಮೊಳ ಹಸಿ ಸೊಪ್ಪು. ಒಂಟೆ ಅದರ ಮೇಲೆ ಕೂತಿತ್ತು. ಅಜ್ಜಿ ಇನ್ನೂ ಒಂದು ಹೊರೆ ಹರಡುತ್ತಿದ್ದರು. ನಾವು ಸಂಜೆ ಹೋದ ಮೇಲೆ ಹಾಸುವುದು, ಮಾರನೆಯ ಮಧ್ಯಾಹ್ನ ನಾವು ಬರುವ ಮೊದಲು ಎಳೆದು ಗೊಬ್ಬರಗುಂಡಿಗೆ ಹಾಕುವುದು, ಇದು ಅವರ ದಿನಚರಿಯಾಗಿತ್ತು.

ಡಾಕ್ಟ್ರಮ್ಮ ಪಟ್ಟಿ ಬಿಚ್ಚಿದರು. ಹುಳ ಬಿದ್ದಿತ್ತು.

ಅವರು ಬೈಯುತ್ತಾರೆ ಎಂದು ನಾನು ಹಿಂದೆ ಸರಿದೆ. ಬೈಯಲಿಲ್ಲ. ಸೊಪ್ಪಿನ ಮೇಲೇ ಕೂತುಬಿಟ್ಟರು. "ಅಜ್ಜೀ, ಹೇಳಿದ್ದೆ ಅಲ್ವಾ ನಾನು?" ಎಂದರು.

"ಹೇಳಿದ್ದೆ ತಂಗಿ, ಹೇಳಿದ್ದಿಲ್ಲೆ ಹೇಳಿ ಆನು ಹೇಳ್ತ್ನಿಲ್ಲೆ" ಎಂದರು ಅಜ್ಜಿ. "ಆದ್ರೆ ಆನು ಈ ಮನಿಗೆ ಬಂದಾಗಿಂದ ಒಂದು ಜೀವವೂ ಬರಿ ನೆಲದ ಮೇಲೆ ಮಲಗಿದ್ದಿಲ್ಲೆ. ಬದಿಯಲ್ಲಿ ದನಗಳೆಲ್ಲ ಸೊಪ್ಪಿನ ಮೇಲೆ ಮಲಗ್ತು. ಇದು ಒಂದೇ ಹೊಟ್ಟಿನ ಮೇಲೆ, ಕಸದ ಮೇಲೆ ಮಲಗಿದಾಂಗೆ. ಯಂಗೆ ಊಟ ಹ್ಯಾಂಗೆ ಸೇರ್ತು?"

"ಹಂಗಾದ್ರೆ ಇದು ಅದಕ್ಕೆ ಹಾಸಿದ್ದಲ್ಲ. ನಿಮ್ಮ ಮನಸ್ಸಿಗೆ ಹಾಸಿಕೊಂಡಿದ್ದು."

ಅಜ್ಜಿಗೆ ಅದು ತಾಗಿತು. "ಹೌದಪ್ಪಾ, ಯನ್ನ ಮನಸಿಗೆ! ಅಷ್ಟು ತಿಳ್ದವು ಇದ್ದಿ ಹೇಳಾದ್ರೆ ಕರ್ಕಂಡು ಹೋಗು. ನಿನ್ನ ಆಸ್ಪತ್ರೆಲಿ ಮಲಗ್ಸು" ಎಂದು ಹೊರೆಯನ್ನು ಅಲ್ಲೇ ಒಗೆದು ಒಳಗೆ ಹೋದರು.

ಹುಳ ತೆಗೆದು, ಗಾಯ ಕೆರೆದು, ಮದ್ದು ತುಂಬಿ ಹಿಂದೆ ಬರುವಾಗ ಡಾಕ್ಟ್ರಮ್ಮ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿದರು. ಪಡುವಣದಲ್ಲಿ ಮೋಡ ಕಟ್ಟಲು ಶುರುವಾಗಿತ್ತು. "ಆ ಆಫೀಸಿನವ್ರ ಮೇಲೆ ಸಿಟ್ಟು ಮಾಡಬಹುದು ಮಾರಾಯ" ಎಂದರು. "ಇವ್ರ ಮೇಲೆ ಹೇಗೆ ಮಾಡೂದು? ಎಲ್ಲರಿಗೂ ಪ್ರೀತಿ ಇದೆ. ಒಬ್ಬರಿಗೂ ಕಿವಿ ಇಲ್ಲ." ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಆ ಬಿಸಿಲಿಗೆ ಕಂದಿದ ಕೈಯಿಂದಲೇ ಒರೆಸಿಕೊಂಡರು. "ಇನ್ನು ಯಾರನ್ನೂ ಕೇಳೂದಿಲ್ಲ. ನಡೆಸೂದು."

ಪಟ್ಟಿ ದಿನವೂ ಬದಲಿಸಿದರು. ಆಮೇಲೆ ಮೂರು ಸಂಜೆ ಕತ್ತಲಾಗುವ ತನಕ ಅಲ್ಲೇ ಕೂತು ಕಾದರು, ಸೊಪ್ಪು ಬೀಳದ ಹಾಗೆ. ಅಜ್ಜಿ ಮಾತು ಬಿಟ್ಟಿದ್ದರು. ಒಂಟೆ ಕಾಲನ್ನು ನೆಲಕ್ಕೆ ಊರಲು ಶುರುಮಾಡಿತು. ಲಾರಿಯ ಹಳೆಯ ಟ್ಯೂಬು ಕತ್ತರಿಸಿ ಅದಕ್ಕೊಂದು ಬೂಟು ಮಾಡಿದೆ. ಪಂಕ್ಚರ್ ಹಾಕಿ ಗೊತ್ತಿದ್ದ ಕೈ, ಅಂಟು ಸರಿಯಾಗಿ ಕೂತಿತು. ಡಾಕ್ಟ್ರಮ್ಮ ಅದನ್ನು ಎಳೆದು ನೋಡಿ, "ಓದೂದಕ್ಕಿಂತ ಇದು ಚೊಲೋ ಬರ್ತದೆ ನಿಂಗೆ. ಆದ್ರೂ ಓದು" ಎಂದರು.

ಕಲಘಟಗಿಯ ಆಚೆ ಒಬ್ಬ ಹೊಲದ ಯಜಮಾನರು ಅವರಿಗೆ ಗೊತ್ತಿದ್ದರು. ಹಿಂದೊಮ್ಮೆ ಅವರ ಎತ್ತುಗಳಿಗೆ ಮದ್ದು ಕೊಟ್ಟಿದ್ದರು. ಫೋನಿನಲ್ಲಿ ಅವರ ದನಿ ನನಗೂ ಕೇಳುವಷ್ಟು ದೊಡ್ಡದು. "ಒಂಟಿ ಏನ್ರಿ? ತರ್ರಿ ತರ್ರಿ. ನಮ್ಮ ಬದುವಿನಾಗ ಜಾಲಿ ಕಂಟಿ ಭಾಳ ಬೆಳದಾವು. ಅದು ತಿಂದ್ರ ನಮಗ ಕಡಿಯೂ ಕೆಲಸ ತಪ್ಪತೈತಿ." ಅಷ್ಟೇ. ಪಟ್ಟಿ ಕೇಳಲಿಲ್ಲ, ಅರ್ಜಿ ಕೇಳಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಒಂಟೆಯನ್ನು ರಸ್ತೆಗೆ ಇಳಿಸುವಾಗ ಅಜ್ಜಿ ಸೆರಗಿನಲ್ಲಿ ಏನೋ ಕಟ್ಟಿಕೊಂಡು ಬಂದರು. ಹರಳುಪ್ಪು. ಡಾಕ್ಟ್ರಮ್ಮನ ಕೈಗೆ ಸುರಿದು, "ಉಪ್ಪು ಬೇಕು ಹೇಳಿದ್ದೆ ಅಲ್ದಾ, ತಗ. ಇದ್ಕೂ ಬೈಯಡ" ಎಂದರು. ಒಂಟೆಯ ಕುತ್ತಿಗೆ ಮುಟ್ಟಿದರು. ಡಾಕ್ಟ್ರಮ್ಮ, "ಬೈಯೂದಿಲ್ಲ ಅಜ್ಜೀ" ಎಂದರು.

ಯಲ್ಲಾಪುರ ಪೇಟೆ ದಾಟುವಾಗ ಚಹಾದಂಗಡಿಯವರೆಲ್ಲ ಹೊರಗೆ ಬಂದರು. "ಡಾಕ್ಟ್ರಮ್ಮಾ, ಸ್ಕೂಟರ್ ಮಾರಿದ್ರಾ?" ಎಂದ ಒಬ್ಬ. "ಇದಕ್ಕೆ 'ಹಾರ್ನ್' ಎಲ್ಲಿದೆ?" ಎಂದ ಇನ್ನೊಬ್ಬ. "ನಿನ್ನ ಬಾಯಿ ಇದ್ಯಲ್ಲ" ಎಂದು ಅವರು ನಡೆಯುತ್ತಲೇ ಇದ್ದರು. ಶಿರಸಿಗೆ ಹೊರಟಿದ್ದ ಬಸ್ಸು ನಿಂತು, ಡ್ರೈವರ್ ಸಮೇತ ಎಲ್ಲರೂ ಫೋಟೋ ತೆಗೆದರು. ಊರಿಗೆಲ್ಲ ಆ ಫೋಟೋ ಹರಿದಾಡಿತು. ಮುಂದೆ ಅದೇ ಮುಳುವಾಯಿತು.

ಬಿಸಿಲೇರಿದರೆ ನೆರಳಲ್ಲಿ ಕೂರುವುದು, ಇಳಿದ ಮೇಲೆ ನಡೆಯುವುದು. ರಾತ್ರಿ ಕಿರವತ್ತಿಯಲ್ಲಿ ಪರಿಚಯದವರ ಅಂಗಳದಲ್ಲಿ ಉಳಿದೆವು. ಮಾರನೆಯ ದಿನ ಕಾಡು ತೆಳುವಾಯಿತು, ಮಣ್ಣಿನ ಬಣ್ಣ ಬದಲಾಯಿತು. ಹೊಲದ ಬದುವಿಗೆ ಬಂದಾಗ ಯಜಮಾನರು ಕಾಯುತ್ತ ನಿಂತಿದ್ದರು. "ಬರ್ರಿ ಡಾಕ್ಟರಮ್ಮಾರ, ನೀವ ನಡಕೋತ ಬಂದೀರೇನ್ರಿ?" ಎಂದು ಗಾಬರಿಯಾದರು. ನಾನು ಮೂಗುದಾರ ಸಡಿಲಿಸಿದೆ. ಒಂಟೆ ಮುಳ್ಳಿನ ಜಾಲಿಗೆ ಬಾಯಿ ಹಾಕಿತು. ತಿಂಗಳೊಪ್ಪತ್ತು ನಮ್ಮ ಹಸಿ ಹುಲ್ಲನ್ನು ಮೂಸಿ ಮೂಸಿ ಬಿಟ್ಟ ಪ್ರಾಣಿ ಅದು. ಮುಳ್ಳು ಸಮೇತ ಕರಕರ ಅಗಿಯಿತು. ಆಮೇಲೆ ಒಣ ಮಣ್ಣಿನಲ್ಲಿ ಮೊಣಕಾಲೂರಿ ಕೂತು, ಪೂರ್ತಿ ಮಗ್ಗುಲಾಗಿ ಹೊರಳಾಡಿತು. ಧೂಳೆದ್ದು ಏನೂ ಕಾಣಲಿಲ್ಲ.

ನಾನು ಡಾಕ್ಟ್ರಮ್ಮನ ಮುಖ ನೋಡಿದೆ. ಸಂತೋಷ ಕಾಣುತ್ತದೆ ಎಂದುಕೊಂಡಿದ್ದೆ. ಅವರು ಬದುವಿನ ಮೇಲೆ ಕೂತು ಚಪ್ಪಲಿ ಬಿಚ್ಚಿ ಕಾಲು ಒತ್ತಿಕೊಳ್ಳುತ್ತಿದ್ದರು. "ಇಷ್ಟೇ ಇತ್ತಲ್ಲ ಮಾರಾಯ" ಎಂದರು. "ಎರಡು ದಿನದ ದಾರಿ. ಇಷ್ಟಕ್ಕೆ ತಿಂಗಳಿಡೀ ಆ ಫೋನು ಹಿಡ್ಕೊಂಡು ಬೇಡಿದ್ದಾ ನಾನು?"

ಹಿಂದೆ ಬರುವಾಗ ಬಸ್ಸಿನ ಕಿಟಕಿಗೆ ಮೊದಲ ಮಳೆ ಹೊಡೆಯಿತು. ಅವರು ನಿದ್ದೆ ಹೋಗಿದ್ದರು. ನಾನು ಎಬ್ಬಿಸಲಿಲ್ಲ.

ಆ ವಾರವೇ ಮೇಲಿನ ಆಫೀಸಿನಿಂದ ನೋಟೀಸು ಬಂತು. ಅನುಮತಿಯಿಲ್ಲದೆ ಕೆಲಸದ ಜಾಗ ಬಿಟ್ಟದ್ದು, ವಾರಸುದಾರರಿಲ್ಲದ ಪ್ರಾಣಿಯನ್ನು ಪರವಾನಗಿ ಇಲ್ಲದೆ ಜಿಲ್ಲೆ ದಾಟಿಸಿದ್ದು. ಸಾಕ್ಷಿಗೆ ಬಸ್ಸಿನವರು ತೆಗೆದ ಫೋಟೋ. ಉತ್ತರ ಕೊಟ್ಟರು. ಉತ್ತರ ಸಮಾಧಾನಕರವಾಗಿಲ್ಲವಂತೆ. ವರ್ಗ ಮಾಡಿದರು, ಬಹಳ ದೂರದ ಬಯಲುಸೀಮೆಯ ಒಂದು ಊರಿಗೆ. ಆರ್ಡರ್ ಓದಿ ಗಟ್ಟಿಯಾಗಿ ನಕ್ಕರು. "ಒಂಟೆಗೆ ಸಿಗದ ಕಾಗದ ನಂಗೆ ಎಷ್ಟು ಬೇಗ ಸಿಕ್ತು ನೋಡು! ಇವ್ರಿಗೆ ಸಹಿ ಹಾಕೂದಕ್ಕೆ ಬರ್ತದೆ ಅಂತಾಯ್ತು."

ಅವರು ಹೋದ ಮೇಲೂ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. ಮೊದಲ ಪ್ರಶ್ನೆ, ಒಂಟೆ ಹೇಗಿದೆ? ಯಜಮಾನರನ್ನು ಕೇಳಿ ಹೇಳುತ್ತಿದ್ದೆ. ಎರಡನೆಯ ಪ್ರಶ್ನೆ, ಗಣಿತ ಎಲ್ಲಿಗೆ ಬಂತು? ನಾನು ಎರಡು ಸಲ ಡುಮ್ಕಿ ಹೊಡೆದು ಮೂರನೆಯ ಸಲ ಪಾಸಾದೆ. ಹೇಳಿದಾಗ, "ಹಾಂ, ಇನ್ನು ಬಾಟಲಿ ಓದಿ ಔಷಧ ಕೊಡು" ಎಂದು ಫೋನಿಟ್ಟರು. ಶಾಬಾಸ್ ಎನ್ನಲಿಲ್ಲ. ಆದರೆ ಆಮೇಲೆ ಇಡಗುಂದಿಯ ಅಜ್ಜಿಗೂ, ಕಲಘಟಗಿಯ ಯಜಮಾನರಿಗೂ ಫೋನು ಮಾಡಿ ನಾನು ಪಾಸಾದ ಸುದ್ದಿ ಹೇಳಿದ್ದರಂತೆ.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಜ್ವರವನ್ನು ಲೆಕ್ಕಿಸದೆ ತಿರುಗಾಡಿದರಂತೆ. ದನಗಳಿಗೆ ರೋಗ ಬಂದ ಸಮಯ, ಎಲ್ಲ ಹಳ್ಳಿಗಳಿಗೂ ಇವರೊಬ್ಬರೇ. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಮ್ಮ ಆಸ್ಪತ್ರೆಯ ಅಂಗಳದಲ್ಲಿ ಒಂದು ಸಂತಾಪ ಸಭೆ ಇಟ್ಟರು. ಇಡಗುಂದಿಯ ಅಜ್ಜಿ ಜೀಪಿನಲ್ಲಿ ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಮೇಲಿನ ಆಫೀಸಿನ ಆ ಸಾಹೇಬರೂ ಬಂದಿದ್ದರು. ಫೋಟೋಕ್ಕೆ ಹಾರ ಹಾಕಿದವರು ಅವರೇ. ಇಟ್ಟದ್ದು ಯಾವ ಫೋಟೋ ಎಂದರೆ ಬಸ್ಸಿನವರು ತೆಗೆದದ್ದೇ, ಒಂಟೆಯನ್ನು ಕತ್ತರಿಸಿ ಬರೀ ಡಾಕ್ಟ್ರಮ್ಮನನ್ನು ದೊಡ್ಡದು ಮಾಡಿಸಿದ್ದರು. ಸಾಹೇಬರು ಮಾತಾಡಿದರು. ಮೂಕಪ್ರಾಣಿಗಾಗಿ ಇಷ್ಟು ದೂರ ನಡೆದ ಇಂಥ ಡಾಕ್ಟರು ನಮ್ಮ ಇಲಾಖೆಗೆ ಹೆಮ್ಮೆ ಎಂದರು. ಜನ ಚಪ್ಪಾಳೆ ತಟ್ಟಿದರು. ಸಂತಾಪ ಸಭೆಯಲ್ಲಿ ಚಪ್ಪಾಳೆ ತಟ್ಟಬಾರದು ಎಂದು ಯಾರಿಗೂ ನೆನಪಾಗಲಿಲ್ಲ.

ಆಮೇಲೆ ನನ್ನನ್ನೂ ಎರಡು ಮಾತಾಡು ಎಂದರು. ನಾನು ಮೈಕಿನ ಮುಂದೆ ನಿಂತವನೇ ಅಲ್ಲ. ಹಿಂದಿನ ದಿನ ಎರಡು ಪುಟ ಬರೆದಿಟ್ಟುಕೊಂಡಿದ್ದೆ. ಅದನ್ನು ತೆಗೆಯಲಿಲ್ಲ.

"ಸಾರ್, ಆವಾಗ ಒಂದು ಸಹಿ ಹಾಕಿದ್ರೆ ಡಾಕ್ಟ್ರಮ್ಮ ನಡೀಬೇಕಾಗಿರಲಿಲ್ಲ" ಎಂದೆ. "ಇಲ್ಲೇ ಇರ್ತಿದ್ರು."

ಸಾಹೇಬರಿಗೆ ಬೇಸರವಾದದ್ದು ಕಂಡಿತು. ಕೆಟ್ಟ ಮನುಷ್ಯರಲ್ಲ ಅವರು, ಕೂತಲ್ಲಿಂದಲೇ ಮೆಲ್ಲಗೆ, "ಏನ್ ಮಾಡೋದು ತಮ್ಮಾ, ಆಗ ಅದಕ್ಕೆ ಒಂದು ನಿಯಮ ಇರಲಿಲ್ಲ" ಎಂದರು.

"ಈಗ ಇದೆಯಾ ಸಾರ್?"

ಅವರು ಪಕ್ಕದವರ ಮುಖ ನೋಡಿದರು. ಪಕ್ಕದವರು ಅವರ ಮುಖ ನೋಡಿದರು. ಮುಂದಿನ ಕುರ್ಚಿಯಿಂದ ಅಜ್ಜಿ, "ಅವ ಕೇಳ್ತಾ ಇದ್ದ ಅಲ್ದಾ, ಹೇಳ್ರಾ" ಎಂದರು. ಅಷ್ಟರಲ್ಲಿ ಯಾರೋ ಚಹಾ ತಂದರು. ಎಲ್ಲರೂ ಕಪ್ಪು ತೆಗೆದುಕೊಂಡರು. ನಾನು ಮೈಕು ಹಿಡಿದು ಹಾಗೇ ನಿಂತಿದ್ದೆ.